ಬಸ್ಸಿಗೆ ಹತ್ತಿದ ಪ್ರತ್ಯಯ



ಇಂಗ್ಲಿಷ್ ಭಾಷೆಯಲ್ಲಿ ಹೊಸ ಪದಗಳು ಹೇಗೆ ಹುಟ್ಟುತ್ತವೆ ಎಂಬುದು ಈ ಉಪನ್ಯಾಸದ ವಿಷಯ. ಕನ್ನಡದ ದತ್ತಿ ವೇದಿಕೆಯಲ್ಲಿ ಇಂಗ್ಲಿಷಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನ್ನ ಕಾರಣ ಇಷ್ಟೆ. ಆ ಭಾಷೆಯಲ್ಲಿ ಪದ ಹುಟ್ಟುವ ಒಂದೊಂದು ಬಗೆಯನ್ನೂ ಬಿಡಿಸಿ ನೋಡುತ್ತ ಹೋದರೆ, ಅದೇ ಕೆಲಸ ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ, ಈ ಸೀಮೆಯ ರಾಗಿ ಹೊಲದಲ್ಲಿ, ನಾಡಕಚೇರಿಯ ಮುಂದಿನ ಸಾಲಿನಲ್ಲಿ ದಿನವೂ ನಡೆಯುತ್ತಿರುವುದು ಕಾಣುತ್ತದೆ. ಇಂಗ್ಲಿಷಿನವರು ಅದರ ಲೆಕ್ಕ ಬರೆದಿಟ್ಟುಕೊಂಡಿದ್ದಾರೆ, ನಾವು ಬರೆದಿಟ್ಟಿಲ್ಲ. ಲೆಕ್ಕವಿಲ್ಲದ ಮನೆಯಲ್ಲಿ ಆಸ್ತಿ ಎಷ್ಟಿದ್ದರೂ ಬಡತನದ ಮಾತೇ ಕೇಳಿಸುತ್ತದೆ. ಕನ್ನಡಕ್ಕೆ ಹೊಸ ಪದ ಕಟ್ಟುವ ಶಕ್ತಿಯಿಲ್ಲ ಎಂಬ ದೂರು ಅಂಥದ್ದು.

ದಿನಬಳಕೆಯ ಒಂದು ಪದದಿಂದಲೇ ಆರಂಭಿಸುತ್ತೇನೆ: ಬಸ್ಸು. ಲ್ಯಾಟಿನ್ ಭಾಷೆಯಲ್ಲಿ ‘ಓಮ್ನಿಸ್’ ಎಂದರೆ ಎಲ್ಲ. ಅದರ ಚತುರ್ಥೀ ಬಹುವಚನ ‘ಓಮ್ನಿಬಸ್’, ಎಂದರೆ ‘ಎಲ್ಲರಿಗೆ’. ಕಾಸು ಕೊಟ್ಟ ಯಾರನ್ನಾದರೂ ಕೂರಿಸಿಕೊಂಡು ಹೋಗುವ ಕುದುರೆ ಗಾಡಿಗೆ ಫ್ರಾನ್ಸಿನವರು ಈ ಹೆಸರಿಟ್ಟರು. 1829ರಲ್ಲಿ ಗಾಡಿಯೂ ಹೆಸರೂ ಲಂಡನ್ನಿನ ಬೀದಿಗೆ ಬಂದವು. ಕೆಲವೇ ವರ್ಷಗಳಲ್ಲಿ ಜನ ಆ ಉದ್ದನೆಯ ಹೆಸರಿನ ತಲೆ ಕಡಿದು ಬಾಲವನ್ನು ಮಾತ್ರ ಉಳಿಸಿಕೊಂಡರು. ಹಾಗೆ ಉಳಿದದ್ದು ‘ಬಸ್’, ಬರಿಯ ವಿಭಕ್ತಿ ಪ್ರತ್ಯಯದ ತುಂಡು. ನಾವು ‘ಎಲ್ಲರಿಗೆ’ ಎಂಬ ಮಾತಿನಲ್ಲಿ ‘ಎಲ್ಲ’ವನ್ನು ಎಸೆದು ‘ಇಗೆ’ ಎಂಬುದನ್ನೇ ಗಾಡಿಯ ಹೆಸರಾಗಿ ಇಟ್ಟುಕೊಂಡಂತೆ! ಪಂಡಿತರ ಸಭೆಯೊಂದು ಕುಳಿತು ಯೋಚಿಸಿದ್ದರೆ ಇಂಥ ಪದ ಎಂದಿಗೂ ಹುಟ್ಟುತ್ತಿರಲಿಲ್ಲ. ನಾವು ಅದನ್ನು ತೆಗೆದುಕೊಂಡು ‘ಬಸ್ಸಿಗೆ ಕಾಯುತ್ತಿದ್ದೇನೆ’ ಎಂದೆವು. ಲ್ಯಾಟಿನ್ನಿನ ಚತುರ್ಥಿಯ ಮೇಲೆ ಕನ್ನಡದ ಚತುರ್ಥಿ ಬಂದು ಕುಳಿತಿತು, ಯಾರಿಗೂ ಭಾರವಾಗಲಿಲ್ಲ.

ಈ ಪದದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ‘ಬಸ್’ ಎಂಬುದು ಕನ್ನಡದ ಬಾಯಿಗೆ ಬಂದಾಗ ಸಕಾರ ಇಮ್ಮಡಿಯಾಗಿ ‘ಬಸ್ಸು’ ಆಯಿತು. ಪೆನ್ನು, ಪಿನ್ನು, ಸ್ವಿಚ್ಚು ಎಂಬವೂ ಹಾಗೆಯೇ. ಆದರೆ ‘ಕಾರ್’ ಕಾರು ಆಯಿತೇ ಹೊರತು ಕಾರ್ರು ಆಗಲಿಲ್ಲ. ಗೇಟು, ರೋಡು, ಪೈಪು, ಇವುಗಳಲ್ಲೂ ಇಮ್ಮಡಿಯಿಲ್ಲ. ಹ್ರಸ್ವ ಸ್ವರದ ಮುಂದೆ ಇಮ್ಮಡಿ, ದೀರ್ಘದ ಮುಂದೆ ಒಂಟಿ. ಈ ನಿಯಮವನ್ನು ಬಸ್ ಕಂಡಕ್ಟರಿಗೆ ಯಾವ ಶಾಲೆಯಲ್ಲಿ ಕಲಿಸಿದರು? ಹಳಗನ್ನಡದ ‘ಕಲ್’, ‘ಕಣ್’, ‘ಮಣ್’ಗಳು ಹೊಸಗನ್ನಡದಲ್ಲಿ ಕಲ್ಲು, ಕಣ್ಣು, ಮಣ್ಣು ಆದವು, ‘ಕಾಲ್’, ‘ಬೇರ್’, ‘ಊರ್’ಗಳು ಕಾಲು, ಬೇರು, ಊರು ಆದವು. ಅದೇ ನಿಯಮ, ಅದೇ ನಾಲಿಗೆ. ಎರಡು ಮೂರು ಅಕ್ಷರದ ಪದಗಳಲ್ಲಿ ಕಟ್ಟು ಕೊಂಚ ಸಡಿಲ: ಡಾಕ್ಟರು ಎನ್ನುತ್ತೇವೆ, ಸೈಕಲ್ಲು ಎನ್ನುತ್ತೇವೆ. ಒಂದಕ್ಷರದ ಪದಗಳಲ್ಲಿ ಮಾತ್ರ ಕನ್ನಡಿಗರ ನಾಲಿಗೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಸಾವಿರ ವರ್ಷದ ವ್ಯಾಕರಣವೊಂದು ಮೋಟಾರು ಗಾಡಿಯ ಮೇಲೆ ಸದ್ದಿಲ್ಲದೆ ಕೆಲಸ ಮಾಡಿದೆ.

ನನ್ನ ವಾದ ಇಲ್ಲಿಂದಲೇ ಹೊರಡುತ್ತದೆ. ಪದವೊಂದರ ಊರು ಯಾವುದು, ಕುಲ ಯಾವುದು ಎಂದು ಕೇಳುವುದು ಕುತೂಹಲದ ವಿಷಯ, ತೀರ್ಪಿನ ವಿಷಯವಲ್ಲ. ಅದಕ್ಕೆ ನಮ್ಮ ಪ್ರತ್ಯಯ ಹತ್ತಿತೇ, ಅದು ನಮ್ಮ ಮನೆಯಲ್ಲಿ ಮಕ್ಕಳನ್ನು ಹೆತ್ತಿತೇ ಎಂದು ಕೇಳಬೇಕು. ಇಂಗ್ಲಿಷು ಬೆಳೆದದ್ದು ಈ ಪ್ರಶ್ನೆಯೊಂದನ್ನೇ ಕೇಳಿ.

ಇಂಗ್ಲಿಷಿನವರು ಪದ ಕಟ್ಟುವ ದಾರಿಗಳನ್ನು ಅವರ ವ್ಯಾಕರಣಕಾರರು ವಿಂಗಡಿಸಿ ಹೆಸರಿಟ್ಟಿದ್ದಾರೆ. ಆ ಎಲ್ಲ ಹೆಸರುಗಳಿಂದ ತಮ್ಮನ್ನು ದಣಿಸಲಾರೆ. ಕೆಲವನ್ನು ಮಾತ್ರ ಎತ್ತಿಕೊಂಡು, ಪ್ರತಿಯೊಂದಕ್ಕೂ ನಮ್ಮ ಸುತ್ತಮುತ್ತಲಿನ ಸಾಕ್ಷಿಯನ್ನು ಇಡುತ್ತೇನೆ.

ಎರಡು ಪದಗಳನ್ನು ಅರ್ಧರ್ಧ ಮುರಿದು ಬೆಸೆಯುವುದು ಒಂದು ಬಗೆ. ಬೆಳಗಿನ ತಿಂಡಿಯ ‘ಬ್ರೇಕ್‌ಫಾಸ್ಟ್’, ಮಧ್ಯಾಹ್ನದ ‘ಲಂಚ್’ ಎರಡೂ ಸೇರಿ 1890ರ ದಶಕದಲ್ಲಿ ‘ಬ್ರಂಚ್’ ಆಯಿತು. ಹೊಗೆ ಮತ್ತು ಮಂಜು ಸೇರಿ 20ನೆಯ ಶತಮಾನದ ಆರಂಭದಲ್ಲಿ ‘ಸ್ಮಾಗ್’ ಆಯಿತು. ಇದು ನಗರದ ಶೋಕಿ ಎಂದು ತಿಳಿಯುವವರು ಕರ್ನಾಟಕದ ರಾಗಿ ಹೊಲವನ್ನು ನೋಡಬೇಕು. ರಾಗಿ ಮೂಲದಲ್ಲಿ ಆಫ್ರಿಕಾದ ಬೆಳೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದೇ ಆಯಿತು. ಕಳೆದ ಶತಮಾನದ ಉತ್ತರಾರ್ಧದಲ್ಲಿ, ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆಯುವ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಹೊಸ ತಳಿಗಳನ್ನು ತಂದರು. ರಾಗಿಯ ಹೂವು ತೀರಾ ಸಣ್ಣದು, ತನ್ನಷ್ಟಕ್ಕೆ ತಾನೇ ಪರಾಗ ಹೊಂದುವಂಥದ್ದು. ಅದರಲ್ಲಿ ಸಂಕರ ಮಾಡುವುದೆಂದರೆ ಅಪಾರ ತಾಳ್ಮೆಯ ಕೆಲಸ. ಹಾಗೆ ಬಂದ ತಳಿಗಳ ಹೆಸರು ‘ಇಂಡಾಫ್’: ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಬೆಳೆಯಲ್ಲಿ ಏನಾಯಿತೋ ಹೆಸರಿನಲ್ಲೂ ಅದೇ ಆಯಿತು. ಇಂಡಾಫ್–5, ಇಂಡಾಫ್–9 ಎಂದು ಅಂಕಿಯ ಬಾಲ ಕಟ್ಟಿಕೊಂಡು ಆ ಪದ ರೈತರ ಮನೆಗೆ ಹೋಯಿತು. ಎಷ್ಟೋ ಬಾಯಲ್ಲಿ ಮಹಾಪ್ರಾಣ ಕಳಚಿ ಇಂಡಾಪು ಆಯಿತು, ಕೊನೆಗೊಂದು ಉಕಾರ ಹತ್ತಿಸಿಕೊಂಡು. ಈ ಪದವನ್ನು ಹೇಳುವ ರೈತನಿಗೆ ಅದರೊಳಗೆ ಎರಡು ಖಂಡಗಳಿವೆ ಎಂದು ಗೊತ್ತಿರಬೇಕಾಗಿಲ್ಲ. ಬಸ್ಸು ಹತ್ತುವವನಿಗೆ ಲ್ಯಾಟಿನ್ ಗೊತ್ತಿರಬೇಕೇ?

ಮೊದಲ ಅಕ್ಷರಗಳನ್ನು ಆಯ್ದು ಪದ ಮಾಡುವುದು ಇನ್ನೊಂದು ಬಗೆ. ಎರಡನೆಯ ಮಹಾಯುದ್ಧದ ಕಾಲದ ‘ರೇಡಾರ್’, ನಂತರದ ‘ಲೇಸರ್’, 2020ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ‘ಕೋವಿಡ್’ ಎಲ್ಲವೂ ಈ ಜಾತಿಯವು. ಈ ಬಗೆಯಲ್ಲಿ ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚಿನ ಅನುಕೂಲವಿದೆ ಎಂದು ನಾನು ನಂಬುತ್ತೇನೆ. ಇಂಗ್ಲಿಷಿನದು ಬಿಡಿ ವ್ಯಂಜನ, ಬಿಡಿ ಸ್ವರಗಳ ಲಿಪಿ. ಆಯ್ದ ಅಕ್ಷರಗಳು ಬಾಯಿಗೆ ಒಗ್ಗಬೇಕಾದರೆ ನಡುವೆ ಸ್ವರ ಸಿಕ್ಕುವ ಅದೃಷ್ಟ ಬೇಕು. ನಮ್ಮ ಪ್ರತಿ ಅಕ್ಷರವೂ ಉಚ್ಚರಿಸಲು ಬರುವ ಧ್ವನಿಯೇ. ಆದ್ದರಿಂದ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ‘ಕುವೆಂಪು’ ಆದದ್ದು, ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ‘ಅನಕೃ’ ಆದದ್ದು, ತಳುಕಿನ ಸುಬ್ಬರಾಯರು ‘ತರಾಸು’ ಆದದ್ದು, ಮೇಲುಕೋಟೆಯ ನರಸಿಂಹಾಚಾರ್ಯರು ‘ಪುತಿನ’ ಆದದ್ದು ಯಾವ ತೊಡಕೂ ಇಲ್ಲದೆ ನಡೆಯಿತು. ಇವನ್ನು ನಾವು ಕಾವ್ಯನಾಮ ಎಂದು ಗೌರವದಿಂದ ಬದಿಗಿಟ್ಟೆವು. ಇದು ಪದ ಕಟ್ಟುವ ಉಪಾಯವೂ ಹೌದು ಎಂದು ಗಮನಿಸಲಿಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಜನರ ಬಾಯಲ್ಲಿ ‘ಕಸಾಪ’. ಅದು ‘ಕಸಾಪಕ್ಕೆ’, ‘ಕಸಾಪದಲ್ಲಿ’ ಎಂದು ವಿಭಕ್ತಿ ಹಿಡಿದು ನಡೆದಾಡುತ್ತಿದೆ. ಹೀಗಿದ್ದೂ ನಮ್ಮ ಎಷ್ಟೋ ಸರ್ಕಾರಿ ಯೋಜನೆಗಳು ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲೇ ಓಡಾಡುತ್ತವೆ. ಪಹಣಿ ಎಂಬ ಪದ ಬಾಯಲ್ಲಿರುವ ರೈತನ ಕೈಗೆ ‘ಆರ್‌ಟಿಸಿ’ ಕೊಟ್ಟಿದ್ದೇವೆ. ಅವನು ಎರಡನ್ನೂ ಹೇಳುತ್ತಾನೆ.

ವ್ಯಕ್ತಿಯ, ಊರಿನ ಹೆಸರೇ ಪದವಾಗುವುದುಂಟು. 1880ರಲ್ಲಿ ಐರ್ಲೆಂಡಿನ ಗೇಣಿದಾರರು ಜಮೀನ್ದಾರನ ಪಾರುಪತ್ಯಗಾರನೊಬ್ಬನ ಹೊಲದಲ್ಲಿ ಯಾರೂ ಕೆಲಸ ಮಾಡಬಾರದು, ಅವನಿಗೆ ಯಾರೂ ಸಾಮಾನು ಮಾರಬಾರದು ಎಂದು ಕಟ್ಟು ಮಾಡಿದರು. ಅವನ ಹೆಸರು ಬಾಯ್ಕಾಟ್. ಆ ವರ್ಷವೇ ಅವನ ಹೆಸರು ಕ್ರಿಯಾಪದವಾಯಿತು. ನಮ್ಮಲ್ಲಿ ಈ ಬಗೆ ಪುರಾಣದ ಕಡೆಗೆ ವಾಲಿದೆ: ಭಗೀರಥ ಪ್ರಯತ್ನ, ಕುಂಭಕರ್ಣ ನಿದ್ರೆ, ಊರಿಗೊಬ್ಬ ಶಕುನಿ. ನಿನ್ನೆ ಮೊನ್ನೆಯವರ ಹೆಸರನ್ನು ಪದ ಮಾಡಲು ನಾವು ಹಿಂಜರಿಯುತ್ತೇವೆ. ಆದರೂ ಈ ದೊಡ್ಡಬಳ್ಳಾಪುರ ತಾಲ್ಲೂಕಿನ ರೇಷ್ಮೆ ಮಗ್ಗದ ಮನೆಗಳಲ್ಲಿ ಫ್ರಾನ್ಸಿನ ಲಿಯಾನ್ ಪಟ್ಟಣದವನೊಬ್ಬನ ಹೆಸರು ದಿನವೂ ಕೇಳಿಸುತ್ತದೆ. ಸೀರೆಯ ಅಂಚಿನಲ್ಲೂ ಸೆರಗಿನಲ್ಲೂ ಹೂಬಳ್ಳಿ ಮೂಡಿಸಲು ಮಗ್ಗದ ನೆತ್ತಿಯ ಮೇಲೆ ಕೂರುವ ಸಾಧನಕ್ಕೆ ‘ಜಕಾರ್ಡ್’ ಎನ್ನುತ್ತಾರೆ. 1804ರಲ್ಲಿ ತೂತು ಹೊಡೆದ ಕಾರ್ಡುಗಳಿಂದ ಎಳೆಗಳನ್ನು ಎತ್ತಿ ಇಳಿಸುವ ಯಂತ್ರ ಮಾಡಿದವನು ಜೋಸೆಫ್ ಮರಿ ಜಕಾರ್ಡ್. ಕಂಪ್ಯೂಟರಿನ ಇತಿಹಾಸ ಬರೆಯುವವರು ಅವನ ಕಾರ್ಡುಗಳಿಂದಲೇ ಕಥೆ ಶುರುಮಾಡುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಅವನು ಮನುಷ್ಯನಲ್ಲ, ಒಂದು ಸಾಮಾನು. ‘ಜಕಾರ್ಡು ಕೆಟ್ಟಿದೆ’ ಎಂದರೆ ರಿಪೇರಿಯವನನ್ನು ಕರೆಯಬೇಕು ಎಂದು ಅರ್ಥ. ಹೆಸರೊಂದು ಪದವಾಗಿ ಬದುಕುವುದೆಂದರೆ ಹೀಗೆ. ಪಕ್ಕದ ರಾಜಧಾನಿಗೂ ಈ ಭಾಗ್ಯ, ಭಾಗ್ಯವೆನ್ನಬಹುದಾದರೆ, ಬಂದಿತ್ತು. 2000ದ ದಶಕದಲ್ಲಿ ಅಮೆರಿಕದ ಕೆಲಸಗಳು ಇಲ್ಲಿಗೆ ಬರತೊಡಗಿದಾಗ, ಅಲ್ಲಿ ಕೆಲಸ ಕಳೆದುಕೊಂಡವನನ್ನು ‘ಬ್ಯಾಂಗಲೋರ್ಡ್’ ಆದವನು ಎನ್ನತೊಡಗಿದರು. ನಮ್ಮ ಬೆಂಗಳೂರು ಅವರ ಭೂತಕಾಲದ ಪ್ರತ್ಯಯ ಹತ್ತಿಸಿಕೊಂಡು ಕರ್ಮಣಿ ಪ್ರಯೋಗವಾಯಿತು. ಆ ಪದದ ಆಯುಸ್ಸು ದೊಡ್ಡದಾಗಲಿಲ್ಲ ಎಂಬುದು ಬೇರೆ ಮಾತು.

ಹಳೆಯ ಪದಕ್ಕೆ ಹೊಸ ಹೊರೆ ಹೊರಿಸುವುದು ಮತ್ತೊಂದು ದಾರಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಗಟ್ಟಿಯಾದ ದಾರಿ. ರೇಡಿಯೊ ಪ್ರಸಾರಕ್ಕೆ ಇಂಗ್ಲಿಷಿನವರು ಹೇಳುವ ‘ಬ್ರಾಡ್‌ಕಾಸ್ಟ್’ ಎಂಬುದು ಮೊದಲು ಹೊಲದ ಮಾತು. ಸಾಲು ಹಿಡಿಯದೆ ಬೀಜವನ್ನು ಕೈಯಿಂದ ಚೆಲ್ಲುವುದಕ್ಕೆ ಆ ಹೆಸರಿತ್ತು. ನಮ್ಮ ರೈತರು ಕೂರಿಗೆ ಬಿತ್ತನೆಯಿಂದ ಬೇರೆ ಮಾಡಿ ಎರಚು ಬಿತ್ತನೆ, ಚೆಲ್ಲು ಬಿತ್ತನೆ ಎನ್ನುವುದು ಅದನ್ನೇ. ಧ್ವನಿಯನ್ನು ಗಾಳಿಯಲ್ಲಿ ಚೆಲ್ಲುವ ಯಂತ್ರ ಬಂದಾಗ ರೈತನ ಪದವನ್ನೇ ಎಂಜಿನಿಯರು ಎತ್ತಿಕೊಂಡ. ಕನ್ನಡದಲ್ಲಿ ಅದಕ್ಕೆ ‘ಬಿತ್ತರಿಸು’ ಎಂದೆವು. ಇದು ಸಂಸ್ಕೃತದ ‘ವಿಸ್ತರ’ದ ತದ್ಭವ, ‘ಬಿತ್ತು’ವಿಗೂ ಇದಕ್ಕೂ ಹುಟ್ಟಿನ ನಂಟಿಲ್ಲ. ಆದರೂ ರಾಗಿ ಸೀಮೆಯ ಕಿವಿ ಅದರೊಳಗೆ ಬಿತ್ತನೆಯನ್ನು ಕೇಳಿಸಿಕೊಳ್ಳದೆ ಇರದು. ಇಂಥ ಆಕಸ್ಮಿಕಗಳು ಪದಕ್ಕೆ ಕಸುವು ಕೊಡುತ್ತವೆ.

‘ಆಕಾಶವಾಣಿ’ಯ ಕಥೆಯೂ ಇಂಥದ್ದೇ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಕಟ್ಟಿದ ಬಾನುಲಿ ಕೇಂದ್ರಕ್ಕೆ ಈ ಹೆಸರು ಬಂತು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಅದೇ ‘ವಾಣಿ’ಯಿಂದ ‘ದೂರವಾಣಿ’ಯನ್ನೂ ಕಟ್ಟಿದೆವು. ಅದು ಲಗ್ನಪತ್ರಿಕೆಯಲ್ಲಿ ಉಳಿಯಿತು, ಬಾಯಿಗೆ ಬರಲಿಲ್ಲ. ಮೊಬೈಲಿಗೆ ‘ಜಂಗಮವಾಣಿ’ ಎಂದವರೂ ಇದ್ದಾರೆ. ಜಾಣತನ ಮೆಚ್ಚಬೇಕು, ಆದರೆ ‘ನನ್ನ ಜಂಗಮವಾಣಿಗೆ ಚಾರ್ಜಿಲ್ಲ’ ಎಂದವರನ್ನು ನಾನು ಕಂಡಿಲ್ಲ. ಒಂದೇ ವಾಣಿ, ಮೂರು ಹಣೆಬರಹ. ಕಾರಣ ಹುಡುಕಿದರೆ ಹೀಗೆ ಕಾಣುತ್ತದೆ: ಹರಿಕಥೆ ಕೇಳಿದ, ಬಯಲಾಟ ನೋಡಿದ ಜನಕ್ಕೆ ಆಕಾಶವಾಣಿ ಹೊಸದಾಗಿರಲಿಲ್ಲ. ಕಂಸನಿಗೆ ಸಾವಿನ ಸುದ್ದಿ ಹೇಳಿದ್ದು ಅದೇ. ದೇಹ ಕಾಣದ ಧ್ವನಿಗೆ ಹೆಸರು ಆಗಲೇ ಸಿದ್ಧವಿತ್ತು, ಯಂತ್ರ ಮಾತ್ರ ತಡವಾಗಿ ಬಂತು. ದೂರವಾಣಿಗೆ ಅಂಥ ಹಿಂದಿನ ಜನ್ಮವಿರಲಿಲ್ಲ. ದೇವನಹಳ್ಳಿಯಿಂದ ಏಳುವ ‘ವಿಮಾನ’ಕ್ಕೆ ಇತ್ತು.

ಹಳೆಯ ಪದದ ಅರ್ಥ ಪೂರ್ತಿ ಮಗುಚಿಬೀಳುವುದೂ ಉಂಟು. 1986ರಲ್ಲಿ ಈ ಜಿಲ್ಲೆ ರೂಪುಗೊಂಡಾಗ ಇಟ್ಟ ‘ಬೆಂಗಳೂರು ಗ್ರಾಮಾಂತರ’ ಎಂಬ ಹೆಸರನ್ನೇ ನೋಡಿ. ದೇಶಾಂತರ ಎಂದರೆ ಬೇರೆ ದೇಶ, ಭಾಷಾಂತರ ಎಂದರೆ ಬೇರೆ ಭಾಷೆಗೆ ತರುವುದು. ಆ ಲೆಕ್ಕದಲ್ಲಿ ಗ್ರಾಮಾಂತರ ಎಂದರೆ ಬೇರೊಂದು ಗ್ರಾಮ. ಸಂಸ್ಕೃತದಲ್ಲಿ ಅದರ ಅರ್ಥ ಅದೇ. ಕನ್ನಡದ ಆಡಳಿತದಲ್ಲಿ ಮಾತ್ರ ಅದು ಹಳ್ಳಿಗಾಡು ಎಂಬ ಅರ್ಥ ಪಡೆದು, ಕಚೇರಿ ಫಲಕದ ಮೇಲೆ, ಪೊಲೀಸು ಠಾಣೆಯ ಹೆಸರಿನಲ್ಲಿ ನೆಲೆಯೂರಿತು. ಇದು ತಪ್ಪೆಂದು ವಾದಿಸುವ ಪಂಡಿತರು ಗೆಲ್ಲಲಾರರು, ಗೆಲ್ಲಬೇಕಾದದ್ದೂ ಇಲ್ಲ.

ಇನ್ನೊಬ್ಬರ ಪದದ ಒಳಗಟ್ಟನ್ನು ನಮ್ಮ ಮಾತಿನಲ್ಲಿ ಮತ್ತೆ ಕಟ್ಟುವುದನ್ನು ನಾವು ತುಂಬ ಮಾಡಿದ್ದೇವೆ. ಆ ಕೆಲಸದ ಒಂದು ಅಪಾಯವನ್ನು ಮಾತ್ರ ತೋರಿಸುತ್ತೇನೆ. 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ಒಂದು ಅನಿಲಕ್ಕೆ ಗ್ರೀಕ್ ಪದಗಳನ್ನು ಜೋಡಿಸಿ ‘ಹುಳಿಯನ್ನು ಹುಟ್ಟಿಸುವುದು’ ಎಂಬ ಅರ್ಥದ ಹೆಸರಿಟ್ಟ. ಎಲ್ಲ ಆಮ್ಲಗಳಲ್ಲೂ ಅದು ಇರಲೇಬೇಕೆಂದು ಅವನು ನಂಬಿದ್ದ. ಆ ನಂಬಿಕೆ ತಪ್ಪೆಂದು ಕೆಲವು ದಶಕಗಳಲ್ಲೇ ಗೊತ್ತಾಯಿತು. ಅದಾದ ಎಷ್ಟೋ ಕಾಲದ ಮೇಲೆ ನಾವು ‘ಆಮ್ಲಜನಕ’ ಎಂದೆವು; ಪದದ ಜೊತೆಗೆ ಅವನ ತಪ್ಪನ್ನೂ ನಿಷ್ಠೆಯಿಂದ ಅನುವಾದಿಸಿಕೊಂಡೆವು. ಇಂಗ್ಲಿಷಿನವನಿಗೆ ಗ್ರೀಕ್ ತಿಳಿಯದ್ದರಿಂದ ತಪ್ಪು ಕಾಣುವುದಿಲ್ಲ, ನಮಗೆ ಆಮ್ಲ ತಿಳಿದಿರುವುದರಿಂದ ಕಾಣುತ್ತದೆ. ಪಾರದರ್ಶಕ ಪದದ ತೊಂದರೆ ಇದು. ಅದೇ ಪಟ್ಟಿಯ ‘ಸಾರಜನಕ’ದಲ್ಲಿ ನಮ್ಮವರು ಜಾಣತನ ತೋರಿದ್ದಾರೆ. ‘ನೈಟ್ರೊಜನ್’ ಎಂದರೆ ಪೆಟ್ಲುಪ್ಪಿನ ಜನಕ. ಅದನ್ನು ಹಾಗೆಯೇ ತರದೆ ‘ಸಾರ’ ಎಂದರು. ಯೂರಿಯಾ ಚೆಲ್ಲಿದ ಹೊಲದ ಹಸಿರನ್ನು ಕಂಡ ರೈತನಿಗೆ ಆ ಪದ ತಾನಾಗಿ ತೆರೆದುಕೊಳ್ಳುತ್ತದೆ. ಕಣ್ಣು ಮುಚ್ಚಿ ಮಾಡಿದ ಅನುವಾದಕ್ಕೂ ಕಣ್ಣು ತೆರೆದು ಕಟ್ಟಿದ ಪದಕ್ಕೂ ಇರುವ ಅಂತರ ಈ ಎರಡರಲ್ಲಿ ಕಾಣುತ್ತದೆ. 2021ರ ಕೋವಿಡ್ ಕಾಲದಲ್ಲಿ ಪತ್ರಿಕೆಗಳು ಆಮ್ಲಜನಕ ಎಂದು ಅಚ್ಚು ಹಾಕುತ್ತಿದ್ದಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಜನ ಆಕ್ಸಿಜನ್ ಎಂದೇ ಕೂಗಿದರು.

ಆ ಕಾಲದ ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ. ಬೀದಿ, ಬಡಾವಣೆಗಳಿಗೆ ಬೇಲಿ ಹಾಕಿ ಮುಚ್ಚಿದ್ದನ್ನು ಕರ್ನಾಟಕದ ಪತ್ರಿಕೆಗಳು ‘ಸೀಲ್‌ಡೌನ್’ ಎಂದವು. ಇಂಗ್ಲಿಷಿನವನು ಅದಕ್ಕೆ ‘ಸೀಲ್ ಆಫ್’ ಎನ್ನುತ್ತಾನೆ. ಲಾಕ್‌ಡೌನಿನ ಅಚ್ಚಿಗೆ ಇನ್ನೊಂದು ಪದವನ್ನು ಹೊಯ್ದು ಇಂಗ್ಲಿಷಿನಲ್ಲಿ ಇಲ್ಲದ ಇಂಗ್ಲಿಷ್ ಪದವನ್ನು ನಾವು ಬಳಕೆಗೆ ತಂದೆವು. ಪದ ಕಟ್ಟುವ ಶಕ್ತಿ ಇಲ್ಲದವರು ಮಾಡುವ ಕೆಲಸವಲ್ಲ ಇದು. ಆ ಶಕ್ತಿಯನ್ನು ಯಾವ ಭಾಷೆಗೆ ಖರ್ಚು ಮಾಡುತ್ತಿದ್ದೇವೆ ಎಂದು ಬೇಕಾದರೆ ಕೇಳಬಹುದು.

ಈಗ ಪ್ರತ್ಯಯಗಳಿಗೆ ಬರುತ್ತೇನೆ. ಈ ಉಪನ್ಯಾಸದ ತಿರುಳು ಇಲ್ಲಿದೆ.

ಇಂಗ್ಲಿಷಿನಲ್ಲಿ ಯಾವ ನಾಮಪದವನ್ನಾದರೂ ಹಾಗೆಯೇ ಎತ್ತಿ ಕ್ರಿಯಾಪದದ ಜಾಗದಲ್ಲಿ ಇಡಬಹುದು. ‘ಗೂಗಲ್’ ಎಂಬ ಕಂಪನಿಯ ಹೆಸರು 2006ರಲ್ಲಿ ಕ್ರಿಯಾಪದವಾಗಿ ಆಕ್ಸ್‌ಫರ್ಡ್ ನಿಘಂಟನ್ನು ಸೇರಿತು. ನಮ್ಮಲ್ಲೂ ‘ನುಡಿ’, ‘ನಡೆ’, ‘ಹಾಡು’, ‘ಕಟ್ಟು’ ಎಂಬವು ಎರಡೂ ಕೆಲಸ ಮಾಡುತ್ತವೆ. ಆದರೆ ಹೊರಗಿನಿಂದ ಬಂದ ಪದಕ್ಕೆ ಈ ಸಲಿಗೆ ಕೊಡುವುದಿಲ್ಲ. ಅದಕ್ಕೆ ‘ಇಸು’ ಹತ್ತಿಸಬೇಕು, ಇಲ್ಲವೇ ‘ಮಾಡು’ ಕೂಡಿಸಬೇಕು. ಸಂಸ್ಕೃತದ ಪದಗಳು ರಕ್ಷಿಸು, ವರ್ಣಿಸು, ಭಾವಿಸು ಎಂದು ನಮ್ಮ ಕ್ರಿಯಾಪದಗಳಾದದ್ದು ಈ ‘ಇಸು’ವಿನ ಬಾಗಿಲಿನಿಂದ. ಅದೇ ಬಾಗಿಲಿನಿಂದ ಇಂದು ಫೋಟೊ ‘ಕ್ಲಿಕ್ಕಿಸು’ ಎಂಬುದು ಬಂದಿದೆ, ಬರುವಾಗ ಕಕಾರವನ್ನು ಇಮ್ಮಡಿ ಮಾಡಿಕೊಂಡು. ‘ಫೋನ್ ಮಾಡು’, ‘ಚಾರ್ಜ್ ಮಾಡು’ ಎಂಬವು ಹೊರಗಿನ ಜಗಲಿಯಲ್ಲಿ ಕುಳಿತಿವೆ, ‘ಕ್ಲಿಕ್ಕಿಸು’ ಒಳಮನೆಗೆ ಬಂದಿದೆ. ಈ ತಾರತಮ್ಯವನ್ನು ನಮ್ಮ ಕೋಶಕಾರರು ಗುರುತಿಸಬೇಕು.

ಪ್ರತ್ಯಯಗಳೂ ಎರವಲು ಬರುತ್ತವೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಪಾರಸಿಯ ‘ದಾರ’ ಎಂಬುದು ಜಮೀನ್ದಾರ, ತಹಶೀಲ್ದಾರ ಎಂಬ ಇಡೀ ಪದಗಳಾಗಿ ಆಳುವವರ ಜೊತೆ ಬಂತು. ಜನ ಅದರ ಬಾಲವನ್ನು ಬಿಚ್ಚಿಕೊಂಡು ಬಾಡಿಗೆದಾರ, ಗುತ್ತಿಗೆದಾರ, ಪಾಲುದಾರ ಎಂದು ತಮ್ಮ ಪದಗಳಿಗೆ ಕಟ್ಟಿದರು. ಆಮೇಲೆ ಇಂಗ್ಲಿಷು ಬಂತು: ಷೇರುದಾರ, ಪಾಲಿಸಿದಾರ. ನ್ಯಾಯಬೆಲೆ ಅಂಗಡಿಯ ಸುದ್ದಿ ಬರುವಾಗ ಪತ್ರಿಕೆಯಲ್ಲಿ ‘ಕಾರ್ಡುದಾರರು’ ಎಂದಿರುತ್ತದೆ. ‘ಕಾರ್ಡ್’ ಇಂಗ್ಲಿಷು, ಅದಕ್ಕೆ ಹತ್ತಿದ ಉಕಾರ ಕನ್ನಡ, ‘ದಾರ’ ಪಾರಸಿ, ‘ಅರು’ ಎಂಬ ಬಹುವಚನ ಮತ್ತೆ ಕನ್ನಡ. ಒಂದು ಪದದೊಳಗೆ ಮೂರು ಭಾಷೆಗಳು ಜಗಳವಿಲ್ಲದೆ ಅಕ್ಕಿಗೆ ಸಾಲು ನಿಂತಿವೆ. ‘ಮಾಸ್ಟರ್’ ನಮ್ಮ ಊರುಗಳಲ್ಲಿ ‘ಮೇಷ್ಟ್ರು’ ಆದರು. ಲಕ್ಷ್ಮಿ ಲಕುಮಿಯಾದಷ್ಟೇ, ವಿಷ್ಟಿ ಬಿಟ್ಟಿಯಾದಷ್ಟೇ ಚೊಕ್ಕವಾದ ತದ್ಭವ. ಅವರು ಮಾಡುವ ಕೆಲಸ ‘ಮೇಷ್ಟ್ರಗಿರಿ’. ಆ ‘ಗಿರಿ’ಯೂ ಪಾರಸಿ. ಇಲ್ಲಿ ಕುಳಿತಿರುವ ಮೇಷ್ಟ್ರುಗಳು ತಮ್ಮ ಹೆಸರಿನ ವಂಶಾವಳಿಯನ್ನು ಮಕ್ಕಳಿಗೆ ಒಂದು ದಿನ ಪಾಠ ಮಾಡಬಹುದು.

ಪದವೊಂದು ಮನೆಯೊಳಗೆ ಬಂತೇ ಎಂದು ತಿಳಿಯಲು ಇನ್ನೂ ಒಂದು ಪರೀಕ್ಷೆಯಿದೆ. ಕನ್ನಡಿಗರು ಯಾವುದನ್ನಾದರೂ ಹಗುರ ಮಾಡಬೇಕಾದಾಗ ಅದರ ಪಕ್ಕದಲ್ಲಿ ‘ಗಿ’ ಹಚ್ಚಿ ಇನ್ನೊಮ್ಮೆ ಹೇಳುತ್ತಾರೆ: ಕಾಫಿ ಗೀಫಿ, ಬಸ್ಸು ಗಿಸ್ಸು, ಕಂಪ್ಯೂಟರು ಗಿಂಪ್ಯೂಟರು. ಇಂಗ್ಲಿಷಿನಲ್ಲಿ ಇಷ್ಟು ಸಲೀಸಾದ ಉಪಾಯವಿಲ್ಲ. ಪದ ಬಂದ ದಿನವೇ ಅದರ ಗಾಂಭೀರ್ಯ ಇಳಿಸಿ ಪಂಕ್ತಿಯಲ್ಲಿ ಕೂರಿಸುವ ಈ ಶಕ್ತಿಯನ್ನು ವ್ಯಾಕರಣದ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಹಾಗಾದರೆ ಬೇಕಾದದ್ದೆಲ್ಲ ಎರವಲು ತಂದರೆ ಸಾಕೇ, ಹೊಸದಾಗಿ ಕಟ್ಟಬೇಕಾಗಿಲ್ಲವೇ ಎಂದು ಕೇಳಬಹುದು. ಕಟ್ಟಬೇಕು, ಚೆನ್ನಾಗಿ ಕಟ್ಟಿದ್ದೂ ಉಂಟು. ‘ಸುತ್ತೋಲೆ’ ಎಂಬ ಪದವನ್ನು ಕಟ್ಟಿದವರಿಗೆ ನಾನು ಕೈಮುಗಿಯುತ್ತೇನೆ. ಸುತ್ತು ಹೊಡೆದು ಬರುವ ಓಲೆ. ಕಚೇರಿಯ ಮೇಜಿನ ಮೇಲಿದ್ದೂ ಕನ್ನಡದ ಉಸಿರಿದೆ. ‘ಹೆದ್ದಾರಿ’ ಇದೆ, ‘ನಿಲ್ದಾಣ’ ಇದೆ, ‘ಮತಗಟ್ಟೆ’ ಇದೆ. ಈ ಮತಗಟ್ಟೆ ಸಂಸ್ಕೃತ ಕನ್ನಡಗಳ ಬೆರಕೆ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಲೆಕ್ಕದಲ್ಲಿ ಅರಿಸಮಾಸ, ಎಂದರೆ ಶತ್ರು ಸಮಾಸ. ಅರಳಿಕಟ್ಟೆಯಲ್ಲಿ ಪಂಚಾಯಿತಿ ಕಂಡ ಜನಕ್ಕೆ ಅದು ಶತ್ರುವಾಗಿ ಕಾಣಲಿಲ್ಲ. ಈ ತಾಲ್ಲೂಕಿನ ಜೀವನಾಧಾರವಾದ ‘ವಿದ್ಯುತ್ ಮಗ್ಗ’ವೂ ಅರಿಸಮಾಸವೇ. ಕೇಶಿರಾಜನೂ ಕಟ್ಟುನಿಟ್ಟಿನ ನಡುವೆ ಒಂದು ಕಿಂಡಿ ಬಿಟ್ಟಿದ್ದ: ಹಿಂದಿನವರ ಪ್ರಯೋಗ ಇದ್ದರೆ ಒಪ್ಪಬಹುದು. ಇನ್ನು ಕಳೆದುಕೊಂಡದ್ದರ ಮಾತು. ಶಾಸನಗಳಲ್ಲಿ ತುಂಬಿರುವ ‘ಸುಂಕ’ ಎಂಬ ಗಟ್ಟಿ ಪದ ಕೈಯಲ್ಲಿದ್ದರೂ ಹೆದ್ದಾರಿಯಲ್ಲಿ ‘ಟೋಲ್’ ಕಟ್ಟುತ್ತಿದ್ದೇವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗಾದೆ ಉಳಿದಿದೆ, ಸುಂಕದವನು ಹೋಗಿದ್ದಾನೆ. ಇಂಥ ಕಡೆ ಎರವಲು ತರುವುದು ಬರಿಯ ಸೋಮಾರಿತನ ಎಂದು ನನ್ನ ತೀರ್ಪು.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿ, ಕನ್ನಡದ ಬೇರುಗಳಿಂದಲೇ ಹೊಸ ಪದ ಕಟ್ಟುವ ಬಗೆಗಳನ್ನು ವಿಸ್ತಾರವಾಗಿ ತೋರಿಸಿದರು. ಅವರ ದಾರಿಯನ್ನು ಮೆಚ್ಚಿದವರ ವಲಯದಲ್ಲಿ ಈಮೇಲಿಗೆ ‘ಮಿಂಚೆ’ ಎಂಬ ಮುದ್ದಾದ ಪದ ಓಡಾಡುತ್ತದೆ: ಮಿಂಚು, ಅಂಚೆ ಎರಡೂ ಬೆಸೆದು ಸಣ್ಣದಾದದ್ದು. ಭಟ್ಟರು ಬರಹದಲ್ಲಿ ಬಿಟ್ಟ ಮಹಾಪ್ರಾಣಗಳ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಕನ್ನಡದ ಕೀಲುಗಳು ಇನ್ನೂ ತುಕ್ಕು ಹಿಡಿದಿಲ್ಲ ಎಂದು ಅವರು ತೋರಿಸಿದ್ದರಲ್ಲಿ ಪೂರ್ಣ ಒಪ್ಪಿಗೆಯಿದೆ.

ಕೊನೆಯದಾಗಿ, ನಾನು ಮೊದಲು ಹೇಳಿದ ಲೆಕ್ಕದ ವಿಷಯ. ಕೇಶಿರಾಜ ತನ್ನ ಸೂತ್ರಗಳಿಗೆ ಸಾಕ್ಷಿಯಾಗಿ ಹಿಂದಿನ ಕವಿಗಳ ಪ್ರಯೋಗಗಳನ್ನು ಕೊಟ್ಟ. ಬಳಕೆಯಲ್ಲಿ ಇದ್ದದ್ದನ್ನು ತೋರಿಸಿ ನಿಯಮ ಹೇಳುವ ಈ ಪದ್ಧತಿಯನ್ನೇ ಆರು ಶತಮಾನಗಳ ಮೇಲೆ ಆಕ್ಸ್‌ಫರ್ಡ್ ನಿಘಂಟಿನವರು ದೊಡ್ಡದಾಗಿ ಮಾಡಿದರು. 1879ರಲ್ಲಿ ಅದರ ಸಂಪಾದಕ ಜೇಮ್ಸ್ ಮರ್ರೆ ಇಂಗ್ಲಿಷ್ ಓದುವ ಜನಕ್ಕೆಲ್ಲ ಒಂದು ಮನವಿ ಮಾಡಿಕೊಂಡ: ನೀವು ಓದುವಾಗ ಕಂಡ ಪದವನ್ನು, ಅದಿರುವ ವಾಕ್ಯದ ಸಮೇತ, ಒಂದು ಚೀಟಿಯಲ್ಲಿ ಬರೆದು ಕಳಿಸಿ. ಲಕ್ಷಗಟ್ಟಲೆ ಚೀಟಿಗಳು ಬಂದವು. ಬರೆದವರಲ್ಲಿ ಸಂಬಳದ ಪಂಡಿತರು ಕಡಿಮೆ. 1884ರಲ್ಲಿ ಮೊದಲ ಕಂತು ಹೊರಬಂದ ಆ ಕೋಶ 1928ರಲ್ಲಿ ಮುಗಿಯಿತು. ನಮ್ಮಲ್ಲಿ ಕಿಟೆಲ್ ಕೋಶ 1894ರಲ್ಲಿ ಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಅಚ್ಚಾಯಿತು, ಜಿ. ವೆಂಕಟಸುಬ್ಬಯ್ಯನವರಂಥವರ ಆಯುಸ್ಸಿನ ದೊಡ್ಡ ಭಾಗ ಅದರಲ್ಲಿದೆ. ಆ ಮಹಾಕಾರ್ಯದ ಆಧಾರವೂ ಮುಖ್ಯವಾಗಿ ಶಾಸನ, ಕಾವ್ಯ, ಗ್ರಂಥಗಳು. ಕೇಶಿರಾಜನ ಸಭೆಗೆ ಕವಿಗಳಿಗೆ ಪ್ರವೇಶವಿತ್ತು, ನೇಕಾರರಿಗೆ ಇರಲಿಲ್ಲ. ಆ ಬಾಗಿಲು ಇಂದಿಗೂ ಅರ್ಧವೇ ತೆರೆದಿದೆ.

ಈ ತಾಲ್ಲೂಕಿನಲ್ಲಿ ಲಾಳಿ, ಕಂಡಿಕೆ, ಹಾಸು, ಹೊಕ್ಕುಗಳ ಪಕ್ಕದಲ್ಲೇ ಜಕಾರ್ಡು ಬಂದು ಕುಳಿತದ್ದು ಯಾವಾಗ, ವಿದ್ಯುತ್ ಮಗ್ಗ ಬಂದಾಗ ಕೈಮಗ್ಗದ ಯಾವ ಪದಗಳು ಸತ್ತವು, ಯಾವುವು ಹೊಸ ಕೆಲಸಕ್ಕೆ ಸೇರಿಕೊಂಡವು ಎಂಬುದನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ರಾಗಿಯ ಹಳೆಯ ತಳಿಗಳ ಹೆಸರು ಬಲ್ಲ ಅಜ್ಜಿಯರಿದ್ದಾರೆ. ಆದ್ದರಿಂದ ಈ ಮಧುರೆ ಹೋಬಳಿಯ ಶಾಲೆಗಳ ಕನ್ನಡ ಉಪಾಧ್ಯಾಯರಲ್ಲಿ ನನ್ನದೊಂದು ಬೇಡಿಕೆ. ತರಗತಿಗೆ ಒಂದು ನೋಟ್‌ಪುಸ್ತಕ ಇಡಿ. ಮಕ್ಕಳು ಮನೆಯಲ್ಲಿ, ಮಗ್ಗದಲ್ಲಿ, ಹೊಲದಲ್ಲಿ ಕೇಳಿದ ಪದವನ್ನು ಅದು ಬಂದ ವಾಕ್ಯದ ಸಮೇತ ಬರೆಯಲಿ. ಹೇಳಿದವರ ಕಸುಬು, ಊರು, ಬರೆದ ತಾರೀಖು ಕೆಳಗೆ ಇರಲಿ. ಪದ ಕನ್ನಡದ್ದೇ, ಇಂಗ್ಲಿಷಿನದೇ ಎಂದು ಮಕ್ಕಳನ್ನು ಕೇಳಬೇಡಿ. ಕೇಳಿದ ಹಾಗೆಯೇ ಬರೆಸಿ.